ಕೂಲಂಟ್ ಎಲ್ಲಿಗೆ ಹೋಗ್ತಿದೆ? ಇಂಜಿನ್ ಬಿಸಿಯಾಗುವ ಗಾಡಿಯ ಕಾಯಿಲೆ ಹಿಡಿಯುವ ಬಗೆ

ಇಂಜಿನ್ ಬಿಸಿಯಾಗ್ತಿದೆ, ಅದನ್ನು ತಣ್ಣಗಿಡುವ ದ್ರವ, ಅಂದರೆ ಕೂಲಂಟೂ ಕಮ್ಮಿಯಾಗ್ತಿದೆ ಅಂತ ಯಾರ ಹತ್ತಿರವಾದರೂ ಹೇಳಿ ನೋಡಿ. ಒಬ್ಬೊಬ್ಬರು ಒಂದೊಂದು ಪಾರ್ಟಿನ ಹೆಸರು ಹೇಳುತ್ತಾರೆ. ಒಬ್ಬರು ಥರ್ಮೋಸ್ಟಾಟ್ (ಇಂಜಿನ್ ಕಾದಾಗ ಕೂಲಂಟಿಗೆ ದಾರಿ ತೆರೆಯುವ ವಾಲ್ವ್) ಅನ್ನುತ್ತಾರೆ, ಇನ್ನೊಬ್ಬರು ರೇಡಿಯೇಟರ್ (ಗಾಳಿಯಿಂದ ಕೂಲಂಟನ್ನು ತಣ್ಣಗಾಗಿಸುವ ಜಾಲರಿ) ಅನ್ನುತ್ತಾರೆ, ಮೂರನೆಯವರು ಮುಖ ಸಣ್ಣ ಮಾಡಿಕೊಂಡು "ಹೆಡ್ ಗ್ಯಾಸ್ಕೆಟ್ ಹೋಗಿರಬೇಕು" ಅನ್ನುತ್ತಾರೆ. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನಿನ ಬ್ಲಾಕ್ ಮತ್ತು ಅದರ ಮೇಲೆ ಕೂರುವ ಹೆಡ್ ನಡುವಿನ ಸೀಲ್. ನಾನು ಒಮ್ಮೆ ಮೊದಲ ಇಬ್ಬರ ಮಾತೂ ಕೇಳಿದೆ. ಥರ್ಮೋಸ್ಟಾಟ್ ಹೊಸದು ಬಂತು, ರೇಡಿಯೇಟರೂ ಹೊಸದು ಬಂತು, ಕೂಲಂಟ್ ಮಾತ್ರ ವಾರಕ್ಕೆ ಅರ್ಧ ಲೀಟರಿನಂತೆ ಮಾಯವಾಗುತ್ತಲೇ ಇತ್ತು. ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಹೀಟರಿಗೆ ಹೋಗುವ ಸಣ್ಣ ಹೋಸಿನಲ್ಲಿ, ಕ್ಲಿಪ್ಪಿನ ಅಡಿಯಲ್ಲಿ, ಕೂದಲೆಳೆಯಷ್ಟು ಸೀಳು. ಇಂಜಿನ್ ಬಿಸಿಯಾಗಿ ಪ್ರೆಷರ್ ಏರಿದಾಗ ಮಾತ್ರ ಅದು ಬಾಯಿ ಬಿಡುತ್ತಿತ್ತು. ಬಿದ್ದ ಹನಿ ಬಿಸಿ ಇಂಜಿನ್ ಮೇಲೇ ಆರಿಹೋಗುತ್ತಿತ್ತು, ನೆಲಕ್ಕೆ ಒಂದು ತೊಟ್ಟೂ ಇಲ್ಲ.

ಅಂದಿನಿಂದ ಪಾರ್ಟಿನ ಹೆಸರು ಆಮೇಲೆ, ಮೊದಲು ನಾನು ಕೇಳುವುದು ಒಂದೇ ಪ್ರಶ್ನೆ. ಕೂಲಂಟ್ ಎಲ್ಲಿಗೆ ಹೋಗ್ತಿದೆ?

ಕೂಲಂಟ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತು ಅಲ್ಲ. ಮುಚ್ಚಿದ ಪೈಪುಗಳಲ್ಲಿ ಅದದೇ ದ್ರವ ಸುತ್ತುತ್ತಿರುತ್ತದೆ. ವರ್ಷಕ್ಕೆ ಒಂದಿಷ್ಟು ಇಳಿದರೆ ಸರಿ, ವಾರ ವಾರ ತುಂಬಿಸಬೇಕಾಗಿದೆ ಅಂದರೆ ಅದು ಎಲ್ಲೋ ಹೋಗುತ್ತಿದೆ. ಹೋಗಲು ದಾರಿ ಮೂರೇ. ಹೊರಗೆ ಸೋರಬೇಕು, ಇಲ್ಲವೇ ಕುದಿದು ಮುಚ್ಚಳದಿಂದ ಆಚೆ ಬರಬೇಕು, ಇಲ್ಲವೇ ಇಂಜಿನ್ ಒಳಗೇ ನುಗ್ಗಬೇಕು. ಮೂರೂ ತಮ್ಮದೇ ಗುರುತು ಬಿಟ್ಟು ಹೋಗುತ್ತವೆ. ನಮ್ಮ ಕೆಲಸ ಆ ಗುರುತು ಹುಡುಕುವುದು, ಸುಲಭದ್ದನ್ನು ಮೊದಲು, ಬಿಚ್ಚಿ ನೋಡಬೇಕಾದ್ದನ್ನು ಕೊನೆಗೆ.

ಮುಚ್ಚಳಕ್ಕೆ ಕೈ ಹಾಕುವ ಮುಂಚೆ

ಬಿಸಿ ಇಂಜಿನಿನ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಹೇಳುವವರು ಕಮ್ಮಿ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮುಚ್ಚಳ ಒಳಗೆ ಸುಮಾರು 1 ಬಾರ್, ಅಂದರೆ 15 ಪಿಎಸ್‌ಐನಷ್ಟು ಒತ್ತಡ ಹಿಡಿದಿಟ್ಟಾಗ ಕುದಿಯುವ ಬಿಂದು 130ರ ಹತ್ತಿರಕ್ಕೆ ಏರುತ್ತದೆ. ಈಗ ಇಂಜಿನ್ 115 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಒಳಗೆ ಕೂಲಂಟ್ ಇನ್ನೂ ಕುದಿದಿಲ್ಲ, ಸುಮ್ನೆ ಇದೆ. ನೀವು ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಯಿತು, ಅಷ್ಟೂ ದ್ರವ ಒಟ್ಟಿಗೇ ಕುದಿದು ಮುಖಕ್ಕೆ ಎರಚುತ್ತದೆ. ಮೇಲಿನ ದಪ್ಪ ಹೋಸನ್ನು ಬರಿಗೈಯಲ್ಲಿ ಆರಾಮಾಗಿ ಹಿಡಿದು ಹಿಚುಕುವಷ್ಟು ತಣ್ಣಗಾಗುವವರೆಗೆ ಕಾಯಿರಿ. ಗಂಟೆಗಿಂತ ಜಾಸ್ತಿಯೇ ಬೇಕಾದೀತು. ಆಮೇಲೂ ದಪ್ಪ ಬಟ್ಟೆ ಹಾಕಿ, ಸ್ವಲ್ಪವೇ ತಿರುಗಿಸಿ, ಉಸ್ ಅನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ.

ಇನ್ನೆರಡು ಎಚ್ಚರಿಕೆ. ಎಲೆಕ್ಟ್ರಿಕ್ ಫ್ಯಾನ್ ಎಷ್ಟೋ ಗಾಡಿಗಳಲ್ಲಿ ಇಂಜಿನ್ ಆಫ್ ಇದ್ದಾಗಲೂ ತಾನಾಗಿ ತಿರುಗಲು ಶುರು ಮಾಡುತ್ತದೆ, ಬೆರಳು ದೂರ ಇರಲಿ. ಮತ್ತೆ ಈ ಗ್ಲೈಕಾಲ್ ಸಿಹಿ, ಆದರೆ ವಿಷ. ನಾಯಿ, ಬೆಕ್ಕು ನೆಕ್ಕಿಬಿಡುತ್ತವೆ, ಮಕ್ಕಳೂ ಬಾಯಿಗೆ ಹಾಕಬಹುದು. ಚೆಲ್ಲಿದ್ದನ್ನು ಕೂಡಲೇ ಒರೆಸಿ, ಜಾಸ್ತಿ ನೀರು ಹಾಕಿ ತೊಳೆಯಿರಿ.

ದಾರಿಯಲ್ಲೇ ಇಂಜಿನ್ ಬಿಸಿ ತೋರಿಸುವ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರನ್ನು ಫುಲ್ ಬಿಸಿಗೆ, ಫ್ಯಾನನ್ನು ಫುಲ್ ಸ್ಪೀಡಿಗೆ ಇಡಿ. ಹೀಟರ್ ಅಂದರೆ ಇನ್ನೊಂದು ಪುಟ್ಟ ರೇಡಿಯೇಟರ್ ತಾನೇ, ಇಂಜಿನಿನ ಬಿಸಿಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ನೀವು ಬೆವರಬೇಕಾಗುತ್ತದೆ, ಇಂಜಿನ್ ಉಳಿಯುತ್ತದೆ. ಆದರೂ ಮುಳ್ಳು ಕೆಂಪಿಗೆ ಹೋಯಿತಾ, ಪಕ್ಕಕ್ಕೆ ಹಾಕಿ ಆಫ್ ಮಾಡಿ. "ಇನ್ನೆರಡು ಕಿಲೋಮೀಟರ್ ತಾನೇ" ಅಂತ ಓಡಿಸಿದವರೇ ಆಮೇಲೆ ಡೊಂಕಾದ ಅಲ್ಯೂಮಿನಿಯಂ ಹೆಡ್ ಹಿಡಿದುಕೊಂಡು ಲೇತ್ ಅಂಗಡಿ ಮುಂದೆ ನಿಲ್ಲುವುದು. ಮತ್ತೆ ಕಾದ ಇಂಜಿನ್ ಒಳಗೆ ತಣ್ಣೀರು ಸುರಿಯಬೇಡಿ, ಹೆಡ್ ಅಥವಾ ಬ್ಲಾಕ್ ಬಿರುಕು ಬಿಡಬಹುದು.

ಯಾವಾಗ ಬಿಸಿಯಾಗುತ್ತದೆ ಅಂತ ಬರೆದಿಡಿ

ಪಾನಾ ಹಿಡಿಯುವ ಮೊದಲು ಎರಡು ಮೂರು ದಿನ ಸುಮ್ನೆ ಗಮನಿಸಿ. ಬೆಳಿಗ್ಗೆ ತಣ್ಣಗಿರುವಾಗ ರಿಸರ್ವಾಯರ್ ಬಾಟಲಿಯ ಮೇಲೆ ಕೂಲಂಟ್ ಎಲ್ಲಿದೆಯೋ ಅಲ್ಲಿ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ, ತಾರೀಕು ಹಾಕಿ. ಎಷ್ಟು ಕಿಲೋಮೀಟರಿಗೆ ಎಷ್ಟು ಇಳಿಯಿತು ಅನ್ನುವುದು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿಯಾಗಿ, ರಸ್ತೆ ಖಾಲಿಯಾಗಿ ಓಡಿದ ಕೂಡಲೇ ತಣ್ಣಗಾಗುತ್ತದಾ? ಅನುಮಾನ ಫ್ಯಾನ್ ಮೇಲೆ. ಗಾಡಿ ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನೇ ಎಳೆಯಬೇಕು. ಇದಕ್ಕೆ ಉಲ್ಟಾ, ಊರೊಳಗೆ ಚೆನ್ನಾಗಿದ್ದು ಹೈವೇಯಲ್ಲೋ ಏರಿನಲ್ಲೋ ಬಿಸಿಯಾಗುತ್ತದಾ? ಹಾಗಾದರೆ ಕೂಲಂಟ್ ಸಾಕಷ್ಟು ಹರಿಯುತ್ತಿಲ್ಲ, ಅಥವಾ ರೇಡಿಯೇಟರ್ ಕಟ್ಟಿಕೊಂಡಿದೆ, ಅಥವಾ ಹೆಡ್ ಗ್ಯಾಸ್ಕೆಟ್ ಲೋಡ್ ಬಿದ್ದಾಗ ಮಾತ್ರ ಬಿಟ್ಟುಕೊಡುತ್ತಿದೆ. ಸ್ಟಾರ್ಟ್ ಮಾಡಿದ ಐದು ಹತ್ತು ನಿಮಿಷದಲ್ಲೇ ಮುಳ್ಳು ಮೇಲೇರಿದರೆ ಮುಚ್ಚಿಕೊಂಡೇ ಉಳಿದ ಥರ್ಮೋಸ್ಟಾಟ್, ಇಲ್ಲವೇ ತುಂಬಾ ಇಳಿದುಹೋದ ಕೂಲಂಟ್.

ಹೀಟರ್ ಏನು ಮಾಡುತ್ತದೆ ಅಂತಲೂ ನೋಡಿ. ಇಂಜಿನ್ ಕಾದಿದೆ, ಆದರೆ ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದೆ ಅಂದರೆ ಹೀಟರಿಗೆ ಕೂಲಂಟ್ ತಲುಪುತ್ತಿಲ್ಲ. ಕಮ್ಮಿಯಾಗಿದೆ, ಇಲ್ಲವೇ ಏರ್ ಲಾಕ್ ಆಗಿದೆ (ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ), ಇಲ್ಲವೇ ಕೂಲಂಟನ್ನು ಸುತ್ತಿಸುವ ವಾಟರ್ ಪಂಪ್ ತಳ್ಳುತ್ತಿಲ್ಲ.

ಡ್ಯಾಷ್‌ಬೋರ್ಡಿನ ಮುಳ್ಳನ್ನು ಪೂರ್ತಿ ನಂಬಬೇಡಿ. ಈಗಿನ ಬಹಳಷ್ಟು ಗಾಡಿಗಳಲ್ಲಿ ಅದು ಸುಮಾರು 80ರಿಂದ 100 ಡಿಗ್ರಿಯವರೆಗೂ ನಡುವೆಯೇ ಕೂತಿರುತ್ತದೆ, ಅಲುಗುವುದೇ ಇಲ್ಲ. ಅಲುಗಿದಾಗ ಆಗಲೇ ತಡವಾಗಿರುತ್ತದೆ. ಇನ್ನೊಂದು ಮೋಸ ಇದೆ. ಕೂಲಂಟ್ ಪೂರ್ತಿ ಇಳಿದುಹೋದರೆ ಸೆನ್ಸರ್ ದ್ರವದಲ್ಲಿ ಮುಳುಗಿರುವುದಿಲ್ಲ, ಆಗ ಇಂಜಿನ್ ಬೇಯುತ್ತಿದ್ದರೂ ಮುಳ್ಳು ಕೆಳಗೆ ಇಳಿಯಬಹುದು. ಒಂದು ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಣ್ಣ ಸಾಧನ) ಹಾಕಿ ಫೋನಿನಲ್ಲಿ ನಿಜವಾದ ಡಿಗ್ರಿ ನೋಡಿ. ಓಡುವಾಗ 85ರಿಂದ 105ರ ಒಳಗೆ ಇದ್ದರೆ ಸಾಮಾನ್ಯವಾಗಿ ಸರಿ.

ತಣ್ಣಗಿರುವಾಗ ಮುಚ್ಚಳ, ಬಾಟಲಿ

ಈಗ ಬಾನೆಟ್ ಎತ್ತಿ. ನಿಮ್ಮ ಗಾಡಿಯಲ್ಲಿ ಯಾವ ಬಗೆಯ ಬಾಟಲಿ ಇದೆ ಅಂತ ಮೊದಲು ತಿಳಿದುಕೊಳ್ಳಿ, ಇಲ್ಲಿ ಎಷ್ಟೋ ಜನ ಎಡವುತ್ತಾರೆ. ಒಂದು ಬಗೆಯಲ್ಲಿ ಪ್ರೆಷರ್ ಹಿಡಿಯುವ ಮುಚ್ಚಳ ರೇಡಿಯೇಟರ್ ಮೇಲೇ ಇರುತ್ತದೆ, ಪಕ್ಕದಲ್ಲಿ ಸಣ್ಣ ಪೈಪಿನಿಂದ ಸೇರಿಸಿದ ಪ್ಲಾಸ್ಟಿಕ್ ಬಾಟಲಿ. ಇನ್ನೊಂದರಲ್ಲಿ ರೇಡಿಯೇಟರಿಗೆ ಮುಚ್ಚಳವೇ ಇಲ್ಲ, ಗಟ್ಟಿ ಬಾಟಲಿಯ ಮೇಲೇ ಪ್ರೆಷರ್ ಮುಚ್ಚಳ, ಬಾಟಲಿಯೂ ಒತ್ತಡದಲ್ಲೇ ಇರುತ್ತದೆ.

ಮೊದಲ ಬಗೆಯಾದರೆ ಬಾಟಲಿ ತುಂಬಿದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ರೇಡಿಯೇಟರ್ ಮುಚ್ಚಳದಲ್ಲಿ ಎರಡು ವಾಲ್ವ್ ಇರುತ್ತವೆ. ದೊಡ್ಡದು ಒತ್ತಡ ಮಿತಿ ಮೀರಿದಾಗ ಕೂಲಂಟನ್ನು ಬಾಟಲಿಗೆ ಬಿಡುತ್ತದೆ. ಚಿಕ್ಕದು ಇಂಜಿನ್ ತಣ್ಣಗಾಗಿ ಒಳಗೆ ಎಳೆತ ಹುಟ್ಟಿದಾಗ ಬಾಟಲಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಚಿಕ್ಕ ವಾಲ್ವ್ ಸಿಕ್ಕಿಹಾಕಿಕೊಂಡರೆ, ಅಥವಾ ಆ ಸಣ್ಣ ಪೈಪ್ ಒಡೆದಿದ್ದರೆ, ಕೂಲಂಟ್ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬಾಟಲಿ ತುಂಬಿ ತುಳುಕುತ್ತಿರುತ್ತದೆ, ರೇಡಿಯೇಟರ್ ಖಾಲಿ. ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಒಳಕ್ಕೆ ಸೇದಿಕೊಂಡಿದ್ದರೆ ಇದೇ ಕಥೆ ಅಂತ ಊಹಿಸಬಹುದು.

ದೊಡ್ಡ ವಾಲ್ವಿನ ಸ್ಪ್ರಿಂಗ್ ಸಡಿಲವಾಗಿದ್ದರೆ, ರಬ್ಬರ್ ಸೀಲ್ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ. ಕೂಲಂಟ್ ಬೇಗ ಕುದಿಯುತ್ತದೆ, ಕುದಿದದ್ದು ಹೊರಗೆ ಹೋಗುತ್ತದೆ, ಕಮ್ಮಿಯಾದ್ದರಿಂದ ಇನ್ನೂ ಬೇಗ ಕುದಿಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಕಮ್ಮಿ ಖರ್ಚಿನ ಪಾರ್ಟ್ ಇದು, ಎಲ್ಲರೂ ಕೊನೆಗೆ ನೋಡುವುದೂ ಇದನ್ನೇ. ಮುಚ್ಚಳ ಹಳೆಯದಾಗಿದ್ದರೆ ನಾನಂತೂ ಯೋಚನೆ ಮಾಡದೆ ಬದಲಿಸಿಬಿಡುತ್ತೇನೆ, ಮೇಲೆ ಬರೆದಿರುವ ಒತ್ತಡದ ಅಂಕಿ ಮಾತ್ರ ಅದೇ ಇರಬೇಕು.

ಹೊರಗಿನ ಸೋರಿಕೆ

ರಾತ್ರಿ ಗಾಡಿ ನಿಲ್ಲಿಸುವಾಗ ಇಂಜಿನ್ ಕೆಳಗೆ ದೊಡ್ಡ ರಟ್ಟು ಹಾಸಿ. ಬೆಳಿಗ್ಗೆ ಕಲೆ ಎಲ್ಲಿದೆ, ಯಾವ ಬಣ್ಣ ನೋಡಿ. ಬಣ್ಣವಿಲ್ಲದ, ಜಿಡ್ಡಿಲ್ಲದ ನೀರು ಆದರೆ ಅದು ಎಸಿ ನೀರು, ಗಾಬರಿ ಬೇಡ. ಕೂಲಂಟ್ ಬೆರಳಿಗೆ ಸ್ವಲ್ಪ ಜಾರುತ್ತದೆ, ವಾಸನೆ ಸಿಹಿ. ರುಚಿ ನೋಡಲು ಹೋಗಬೇಡಿ, ಹಾಗೆ ಮಾಡುವವರನ್ನು ನಾನೇ ಕಂಡಿದ್ದೇನೆ.

ರಟ್ಟು ಒಣಗಿಯೇ ಇದ್ದರೂ ಸೋರಿಕೆ ಇಲ್ಲ ಅಂತ ಅರ್ಥವಲ್ಲ, ನನ್ನ ಹೋಸಿನ ಕಥೆ ಹೇಳಿದೆನಲ್ಲ. ಟಾರ್ಚ್ ಮತ್ತು ಒಂದು ಸಣ್ಣ ಕನ್ನಡಿ ತಗೊಂಡು ಒಣಗಿದ ಉಪ್ಪಿನಂಥ ಬಿಳಿ, ಹಸಿರು ಅಥವಾ ಗುಲಾಬಿ ಪೊರೆ ಹುಡುಕಿ. ಅದೇ ಹೆಜ್ಜೆ ಗುರುತು. ಹೋಸ್ ಕ್ಲಿಪ್ಪುಗಳ ಸುತ್ತ, ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಕವರಿನಲ್ಲಿ, ಬಾಟಲಿಯ ಜೋಡಣೆಯ ಗೆರೆಯಲ್ಲಿ ನೋಡಿ. ರೇಡಿಯೇಟರಿನ ಅಲ್ಯೂಮಿನಿಯಂ ಭಾಗಕ್ಕೆ ಎರಡು ಕಡೆ ಪ್ಲಾಸ್ಟಿಕ್ ಟ್ಯಾಂಕ್ ಮಡಚಿ ಕೂರಿಸಿರುತ್ತಾರಲ್ಲ, ಆ ಅಂಚನ್ನು ಉದ್ದಕ್ಕೂ ನೋಡಿ, ಹಳೆಯ ರೇಡಿಯೇಟರ್‌ಗಳು ಬಿಟ್ಟುಕೊಡುವುದು ಹೆಚ್ಚಾಗಿ ಅಲ್ಲೇ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಒಳಗಿನ ಸೀಲ್ ಹೋದಾಗ ಕೂಲಂಟ್ ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಅಂತಲೇ ಬಿಟ್ಟಿರುವ ತೂತು. ಅಲ್ಲಿಂದ ಧಾರೆಯ ಗುರುತು ಇದ್ದರೆ ಪಂಪ್ ಬದಲಿಸಬೇಕು, ತೂತು ಮುಚ್ಚಬಾರದು. ಪುಲ್ಲಿ ಹಿಡಿದು ಅಲ್ಲಾಡಿಸಿ, ಆಟ ಇದ್ದರೆ ಬೇರಿಂಗೂ ಹೋಗಿದೆ. ಇನ್ನು ಬ್ಲಾಕಿನ ಬದಿಯಲ್ಲಿ ಬಿಲ್ಲೆಯ ಹಾಗೆ ಕಾಣುವ ಕೋರ್ ಪ್ಲಗ್‌ಗಳಿವೆ, ಬರೀ ನೀರು ಹಾಕಿಯೇ ವರ್ಷಗಟ್ಟಲೆ ಓಡಿಸಿದ ಇಂಜಿನ್‌ಗಳಲ್ಲಿ ಅವು ತುಕ್ಕು ಹಿಡಿದು ತೂತಾಗುತ್ತವೆ.

ಗಾಡಿಯ ಒಳಗೂ ನೋಡಿ. ಪಕ್ಕದ ಸೀಟಿನ ಕಾಲಿಡುವ ಜಾಗದ ಕಾರ್ಪೆಟ್ ಒದ್ದೆ, ಒಳಗೆ ಸಿಹಿ ವಾಸನೆ, ಹೀಟರ್ ಹಾಕಿದರೆ ಮುಂದಿನ ಗಾಜಿನ ಮೇಲೆ ಜಿಡ್ಡು ಮಂಜು. ಇಷ್ಟಿದ್ದರೆ ಹೀಟರ್ ಕೋರ್, ಅಂದರೆ ಹೀಟರಿನೊಳಗಿನ ಆ ಪುಟ್ಟ ರೇಡಿಯೇಟರ್, ಸೋರುತ್ತಿದೆ.

ಕಣ್ಣಿಗೆ ಏನೂ ಕಾಣದಿದ್ದರೆ ಪ್ರೆಷರ್ ಟೆಸ್ಟರ್ ಬೇಕು. ಸೈಕಲ್ ಪಂಪಿನಂಥ ಸಾಧನ, ಮುಚ್ಚಳದ ಜಾಗಕ್ಕೆ ಕೂರಿಸಿ, ತಣ್ಣಗಿರುವ ಇಂಜಿನಿಗೆ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಬೇಕು. ಅದಕ್ಕಿಂತ ಜಾಸ್ತಿ ಕೊಟ್ಟರೆ ಚೆನ್ನಾಗಿರುವ ಹೋಸನ್ನೂ ನೀವೇ ಹಾಳು ಮಾಡುತ್ತೀರಿ. 15-20 ನಿಮಿಷ ಬಿಟ್ಟು ಟೆಸ್ಟರಿನ ಮುಳ್ಳು ನೋಡಿ. ಇಳಿದಿಲ್ಲವಾ, ತಣ್ಣಗಿರುವಾಗ ಸೋರಿಕೆ ಇಲ್ಲ, ಇಂಜಿನ್ ಸ್ವಲ್ಪ ಬೆಚ್ಚಗಾದ ಮೇಲೆ ಇನ್ನೊಮ್ಮೆ ಮಾಡಿ. ಇಳಿದಿದೆ, ಹೊರಗೆ ಹನಿಯೂ ಕಾಣುತ್ತಿದೆ, ಹುಡುಕಾಟ ಮುಗಿಯಿತು. ಇಳಿದಿದೆ, ಆದರೆ ಹೊರಗೆಲ್ಲ ಒಣಗಿದೆ, ಕಾರ್ಪೆಟ್ಟೂ ಒಣಗಿದೆ ಅಂದರೆ ಅದು ಒಳಗೆ ಹೋಗುತ್ತಿದೆ. ಈ ಒಂದು ಟೆಸ್ಟನ್ನು ಮೊದಲ ದಿನವೇ ಮಾಡಿಸಿದ್ದರೆ ನನ್ನ ಹಳೆ ರೇಡಿಯೇಟರ್ ಇನ್ನೂ ಗಾಡಿಯಲ್ಲೇ ಇರುತ್ತಿತ್ತು. ತೀರಾ ಸಣ್ಣ ಸೋರಿಕೆಗೆ ಕೂಲಂಟಿಗೆ ಯುವಿ ಬಣ್ಣ ಬೆರೆಸಿ, ಎರಡು ದಿನ ಓಡಿಸಿ, ಯುವಿ ಟಾರ್ಚ್ ಬಿಟ್ಟು ನೋಡುವುದೂ ಉಂಟು, ಸೋರಿದ ಜಾಗ ಹೊಳೆಯುತ್ತದೆ.

ಸೋರುತ್ತಿಲ್ಲ, ಕುದಿದು ಹೋಗುತ್ತಿದೆ ಅಂದರೆ

ಫ್ಯಾನಿನಿಂದ ಶುರು ಮಾಡಿ. ಎಸಿ ಹಾಕಿದರೆ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಅದೇ ಥರದ ಇನ್ನೊಂದು ರಿಲೇ ಜೊತೆ ಅದಲು ಬದಲು ಮಾಡಿ ನೋಡಬಹುದು. ಅದೂ ಸರಿಯಿದ್ದರೆ ಮೋಟರಿಗೆ ನೇರ ಬ್ಯಾಟರಿಯಿಂದ ಕರೆಂಟ್ ಕೊಟ್ಟು ನೋಡಿ. ಎಸಿಗೆ ತಿರುಗುತ್ತದೆ, ಆದರೆ ಇಂಜಿನ್ ಕಾದಾಗ ಮಾತ್ರ ತಿರುಗುವುದಿಲ್ಲ ಅಂದರೆ ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರ್ ನೋಡಬೇಕು.

ಥರ್ಮೋಸ್ಟಾಟಿಗೆ ಮನೆಯಲ್ಲೇ ಪರೀಕ್ಷೆ ಇದೆ. ಬಿಚ್ಚಿ, ಅಡುಗೆಗೆ ಬಳಸದ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ನೇತುಹಾಕಿ ಕಾಯಿಸಿ. 82, 88 ಹೀಗೆ ಅದರ ಮೇಲೆ ಒಂದು ಅಂಕಿ ಕೊರೆದಿರುತ್ತದೆ, ಆ ಡಿಗ್ರಿಗೆ ಬಾಯಿ ತೆರೆಯಲು ಶುರುವಾಗಬೇಕು. ಕುದಿಯುವ ನೀರಿನಲ್ಲೂ ಬಾಯಿ ಬಿಡದಿದ್ದರೆ ಎಸೆಯಿರಿ. ಥರ್ಮೋಸ್ಟಾಟನ್ನು ಕಿತ್ತು ಹಾಗೇ ಓಡಿಸಿ ಅನ್ನುವ ಸಲಹೆಯನ್ನು ಮಾತ್ರ ಕೇಳಬೇಡಿ. ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ.

ರೇಡಿಯೇಟರಿನ ಮುಂದೆ ಎಸಿ ಕಂಡೆನ್ಸರ್ ಇರುತ್ತದೆ, ಎರಡರ ನಡುವೆ ಎಲೆ, ಧೂಳು, ಹುಳ ಎಲ್ಲ ಸೇರಿ ಕಂಬಳಿ ಹೊದಿಸಿದ ಹಾಗೆ ಆಗಿರುತ್ತದೆ. ಇಂಜಿನ್ ಕಡೆಯಿಂದ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಜೋರಾಗಿ ಬಿಟ್ಟರೆ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ. ಒಳಗೆ ಕಟ್ಟಿಕೊಂಡಿದೆಯಾ ಅಂತ ತಿಳಿಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರ್ ಮೇಲೆಲ್ಲ ಓಡಿಸಿ. ಕೂಲಂಟ್ ಬರುವ ಕಡೆಯಿಂದ ಹೋಗುವ ಕಡೆಗೆ ಬಿಸಿ ಸಮನಾಗಿ ಇಳಿಯಬೇಕು, ನಡುವೆ ತಣ್ಣನೆ ತೇಪೆಗಳಿದ್ದರೆ ಅಲ್ಲಿ ಕೂಲಂಟ್ ಹರಿಯುತ್ತಿಲ್ಲ. ವಾಟರ್ ಪಂಪ್ ಹೊರಗಿಂದ ಚೆನ್ನಾಗಿ ಕಂಡರೂ ಒಳಗಿನ ರೆಕ್ಕೆಗಳು ಸವೆದು ಅಥವಾ ಪ್ಲಾಸ್ಟಿಕ್ ಚಕ್ರ ಶಾಫ್ಟಿನ ಮೇಲೆ ಜಾರಿ ಕೂಲಂಟ್ ತಳ್ಳದೆ ಇರಬಹುದು. ಥರ್ಮೋಸ್ಟಾಟ್ ಸರಿ, ರೇಡಿಯೇಟರ್ ಸರಿ, ಏರ್ ಲಾಕೂ ಇಲ್ಲ, ಆದರೂ ಹೀಟರ್ ತಣ್ಣಗೆ ಅಂದಾಗ ಪಂಪನ್ನು ಬಿಚ್ಚಿ ನೋಡಬೇಕು.

ಎಲ್ಲರಿಗೂ ಭಯ ಇರುವ ಹೆಡ್ ಗ್ಯಾಸ್ಕೆಟ್

ಬೆಳಿಗ್ಗೆ ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ಒಂದೆರಡು ನಿಮಿಷದಲ್ಲಿ ಮೇಲಿನ ಹೋಸ್ ಹಿಚುಕಿ ನೋಡಿ. ಕೂಲಂಟ್ ಇನ್ನೂ ಕಾದೇ ಇಲ್ಲ, ಆದರೂ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೆ ಆ ಒತ್ತಡ ಬಿಸಿಯಿಂದ ಬಂದದ್ದಲ್ಲ, ಸಿಲಿಂಡರಿನಿಂದ ಬಂದದ್ದು. ಬಾಟಲಿಯಲ್ಲಿ ಗುಳ್ಳೆಗಳು ನಿಲ್ಲದೆ ಬರುತ್ತಿದ್ದರೂ ಅದೇ ಅರ್ಥ. ಆಗಷ್ಟೇ ಕೂಲಂಟ್ ತುಂಬಿಸಿದ್ದರೆ ಮಾತ್ರ ಸ್ವಲ್ಪ ಹೊತ್ತು ಗುಳ್ಳೆ ಬರುವುದು ಸಹಜ.

ಸೈಲೆನ್ಸರಿನಿಂದ ಬಿಳಿ ಹೊಗೆ ಬಂದ ಮಾತ್ರಕ್ಕೆ ಹೆದರಬೇಡಿ, ಚಳಿ ಬೆಳಿಗ್ಗೆ ಎಲ್ಲ ಗಾಡಿಯಲ್ಲೂ ಆವಿ ಬರುತ್ತದೆ. ಇಂಜಿನ್ ಕಾದ ಮೇಲೂ ನಿಲ್ಲದ, ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬೇರೆ. ಹಾಗೇ ಆಯಿಲ್ ಮುಚ್ಚಳದ ಅಡಿ ಕೆನೆಯಂಥ ಬಿಳಿ ಕಂಡರೆ ಕೂಡಲೇ ತೀರ್ಪು ಕೊಡಬೇಡಿ. ದಿನಾ ಹತ್ತು ನಿಮಿಷ ಮಾತ್ರ ಓಡುವ ಗಾಡಿಯಲ್ಲಿ ಒಳಗಿನ ತೇವಾಂಶವೇ ಹೀಗೆ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನಲ್ಲೂ ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ, ಮಟ್ಟವೂ ಏರಿದ್ದರೆ ಆಗ ಚಿಂತೆ. ಅಂಥ ಆಯಿಲ್ ಇಟ್ಟುಕೊಂಡು ಒಂದು ಕಿಲೋಮೀಟರೂ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ.

ಅನುಮಾನ ಖಚಿತ ಮಾಡಲು ಒಂದು ನೀಲಿ ದ್ರವದ ಟೆಸ್ಟ್ ಇದೆ. ಕೂಲಂಟಿನ ಮೇಲಿರುವ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ, ಪೆಟ್ರೋಲ್ ಇಂಜಿನ್ನಿನ ಸುಟ್ಟ ಗ್ಯಾಸ್ ಇದ್ದರೆ ನೀಲಿ ಹೋಗಿ ಹಳದಿಯಾಗುತ್ತದೆ. ಹಳದಿ ಬಂದರೆ ವಾದ ಮುಗಿಯಿತು. ನೀಲಿಯೇ ಉಳಿದರೆ ಪೂರ್ತಿ ನಿರಾಳ ಆಗಬೇಡಿ, ಕೆಲವು ಗ್ಯಾಸ್ಕೆಟ್‌ಗಳು ಕೂಲಂಟನ್ನು ಒಳಗೆ ಬಿಡುತ್ತವೆ, ಗ್ಯಾಸನ್ನು ಹೊರಗೆ ಬಿಡುವುದಿಲ್ಲ. ಆಗ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಕೂಲಂಟ್ ನುಗ್ಗುವ ಸಿಲಿಂಡರಿನ ಪ್ಲಗ್ ಮತ್ತು ಪಿಸ್ಟನ್ ತಲೆ ಉಳಿದವಕ್ಕಿಂತ ಸ್ವಚ್ಛವಾಗಿರುತ್ತದೆ, ಆವಿಯಲ್ಲಿ ತೊಳೆದ ಹಾಗೆ. ರಾತ್ರಿಯಿಡೀ ಪ್ರೆಷರ್ ಟೆಸ್ಟರ್ ಹಾಕಿಟ್ಟು ಬೆಳಿಗ್ಗೆ ಕ್ಯಾಮೆರಾ ಇಳಿಸಿ ನೋಡಿದರೆ ಸಿಲಿಂಡರಿನಲ್ಲಿ ಒದ್ದೆ ಕಾಣಬಹುದು. ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟಿನಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ತೋರಿಸಿದರೆ ಗ್ಯಾಸ್ಕೆಟ್ ಆ ಎರಡರ ನಡುವೆ ಹೋಗಿದೆ. ಇಷ್ಟರ ನಡುವೆ ಒಂದು ಮಾತು: ಸೆಲ್ಫ್ ಹೊಡೆದಾಗ ಇಂಜಿನ್ ಟಕ್ ಅಂತ ನಿಂತುಬಿಟ್ಟರೆ ಮತ್ತೆ ಮತ್ತೆ ಹೊಡೆಯಬೇಡಿ. ಸಿಲಿಂಡರಿನಲ್ಲಿ ಕೂಲಂಟ್ ತುಂಬಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಡೀಸೆಲ್ ಗಾಡಿಯವರು ಹೆಡ್ ಬಿಚ್ಚಿಸುವ ಮುಂಚೆ ಇಜಿಆರ್ ಕೂಲರ್ (ಇಂಜಿನಿಗೆ ವಾಪಸ್ ಕಳಿಸುವ ಸುಟ್ಟ ಗ್ಯಾಸನ್ನು ತಣ್ಣಗಾಗಿಸುವ ಪಾರ್ಟ್) ನೋಡಿಸಿ. ಅದರೊಳಗೂ ಕೂಲಂಟ್ ಹರಿಯುತ್ತದೆ, ಅದು ಬಿರುಕು ಬಿಟ್ಟರೆ ಬಿಳಿ ಹೊಗೆ, ಇಳಿಯುವ ಕೂಲಂಟ್, ಎಲ್ಲ ಲಕ್ಷಣಗಳೂ ಹೆಡ್ ಗ್ಯಾಸ್ಕೆಟ್ಟಿನವೇ. ಬೈಸಿಕೊಳ್ಳುವುದು ಮಾತ್ರ ಪಾಪ ಗ್ಯಾಸ್ಕೆಟ್.

ಹೆಡ್ ಇಳಿಸಲೇಬೇಕಾಗಿ ಬಂದರೆ ಗ್ಯಾಸ್ಕೆಟ್ ಬದಲಿಸಿ ಹಾಗೇ ಕೂರಿಸಲು ಬಿಡಬೇಡಿ. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ಹೆಡ್ ಡೊಂಕಾಗಿದೆಯಾ ಅಂತ ಅಳೆಯಬೇಕು. ಮಿತಿ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ, ಬಹಳ ಇಂಜಿನ್‌ಗಳಲ್ಲಿ ಅದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಒಮ್ಮೆ ಬಿಗಿದರೆ ಹಿಗ್ಗುವ ಬಗೆಯ ಬೋಲ್ಟ್‌ಗಳಿದ್ದರೆ ಅವನ್ನೂ ಹೊಸದೇ ಹಾಕಬೇಕು.

ತುಂಬಿಸುವುದು

ಸೋರಿಕೆ ನಿಲ್ಲಿಸುವ ಪುಡಿ, ದ್ರವಗಳ ಬಗ್ಗೆ ಕೇಳುವವರು ಜಾಸ್ತಿ. ಊರು ಮುಟ್ಟಿಸಲು ಬೇರೆ ದಾರಿಯೇ ಇಲ್ಲದಾಗ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದು ಸೋರುವ ತೂತು ಯಾವುದು, ಹೀಟರ್ ಕೋರಿನ ಸಣ್ಣ ಕೊಳವೆ ಯಾವುದು ಅಂತ ನೋಡುವುದಿಲ್ಲ, ಎರಡನ್ನೂ ಮುಚ್ಚುತ್ತದೆ.

ಕೂಲಂಟನ್ನು ಬಣ್ಣ ನೋಡಿ ಕೊಳ್ಳಬೇಡಿ. ಒಂದೇ ಬಣ್ಣದಲ್ಲಿ ಬೇರೆ ಬೇರೆ ಬಗೆ ಬರುತ್ತವೆ, ಗಾಡಿಯ ಪುಸ್ತಕದಲ್ಲಿ ಹೇಳಿದ ಬಗೆಯದ್ದೇ ಹಾಕಿ. ಕಾನ್ಸಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ. ಬೋರಿನ ಗಡಸು ನೀರು ಹಾಕಿದರೆ ರೇಡಿಯೇಟರ್ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ನೀರು ಕಾಯಿಸುವ ಪಾತ್ರೆಯಲ್ಲಿ ನೋಡಿರುತ್ತೀರಲ್ಲ, ಅದೇ.

ಎಲ್ಲ ರಿಪೇರಿ ಸರಿಯಾಗಿದ್ದೂ ಗಾಡಿ ಮತ್ತೆ ಬಿಸಿಯಾಗಲು ದೊಡ್ಡ ಕಾರಣ ಒಳಗೆ ಸಿಕ್ಕಿಕೊಂಡ ಗಾಳಿ. ಸಾಧ್ಯವಾದರೆ ಮೂತಿ ಮೇಲಾಗುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ. ಹೀಟರನ್ನು ಫುಲ್ ಬಿಸಿಗೆ ಇಡಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ತೆರೆದು, ಗುಳ್ಳೆಯಿಲ್ಲದ ಧಾರೆ ಬರುವವರೆಗೆ ನಿಧಾನವಾಗಿ ಸುರಿಯಿರಿ, ಆಮೇಲೆ ಮುಚ್ಚಿ. ಮುಚ್ಚಳ ಹಾಕಿ ಇಂಜಿನ್ ಓಡಿಸಿ, ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಬಿಡಿ, ಹೀಟರಿನಿಂದ ಬಿಸಿ ಗಾಳಿ ಬರುತ್ತಿದೆಯಾ ನೋಡಿ. ಪೂರ್ತಿ ತಣ್ಣಗಾದ ಮೇಲೆ ಮಟ್ಟ ಇಳಿದಿರುತ್ತದೆ, ಕಮ್ಮಿಯಾದಷ್ಟು ಹಾಕಿ. ಬಾಟಲಿಯನ್ನು ಮೇಲಿನ ಗೆರೆ ದಾಟಿಸಬೇಡಿ, ದಾಟಿದ್ದು ಬಿಸಿಯಾದಾಗ ಹೊರಗೆ ಚೆಲ್ಲಿ ಮತ್ತೆ ಸೋರುತ್ತಿದೆ ಅನ್ನಿಸುತ್ತದೆ.

ಇನ್ನು ಮಾರ್ಕರ್ ತಗೊಂಡು ಹೊಸ ಗೆರೆ ಎಳೆಯಿರಿ. ಒಂದು ವಾರ ದಿನಾ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ ನೋಡಿ. ಮೊದಲ ಎರಡು ದಿನ ಉಳಿದ ಗಾಳಿ ಹೊರಬಂದು ಸ್ವಲ್ಪ ಇಳಿಯುವುದು ಸರಿ. ಮೂರನೇ ದಿನದಿಂದ ಗೆರೆಯಲ್ಲೇ ನಿಂತರೆ ಟೂಲ್ ಬಾಕ್ಸ್ ಒಳಗಿಡಿ. ಇಳಿಯುತ್ತಲೇ ಇದ್ದರೆ ಪ್ರೆಷರ್ ಟೆಸ್ಟರ್ ಮತ್ತೆ ಹೊರಗೆ ತೆಗೆಯಿರಿ.